ಗೋಡೆಗಳ ನಡುವಣ ಚೆಂಡು

ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ಜನವರಿಯ ಹಗಲು ಬಹು ಬೇಗ ತೀರಿಹೋಗುತ್ತದೆ. ನಾಲ್ಕೂವರೆ ಗಂಟೆಯ ಸುಮಾರಿಗೆ ಸೂರ್ಯ ಮುಳುಗಿ, ಶರತ್ಕಾಲದಲ್ಲಿ ಹಸುರಾಗಿ ಹರಡಿಕೊಂಡಿದ್ದ ಶಾಲೆಯ ಆಟದ ಬಯಲು ಹಿಮದ ಕೆಳಗೆ ಎಲ್ಲಿ ಮೊದಲಾಯಿತು, ಎಲ್ಲಿ ಮುಗಿಯಿತು ಎಂಬುದೇ ತಿಳಿಯದಂತಾಗಿರುತ್ತದೆ. ಬಂಧುಗಳ ಮನೆಯಲ್ಲಿ ಕೆಲವು ತಿಂಗಳು ಇರಬೇಕಾಗಿ ಬಂದ ಒಂದು ಚಳಿಗಾಲದಲ್ಲಿ, ಅಂತಹದೊಂದು ಸಂಜೆ, ಆ ಊರಿನ ಹಳೆಯ ಖಾಸಗಿ ವಸತಿ ಪ್ರೌಢಶಾಲೆಯ ವ್ಯಾಯಾಮಮಂದಿರವನ್ನು ಹೊಕ್ಕು ನೋಡುವ ಅವಕಾಶ ನನಗೆ ದೊರೆಯಿತು. ಬ್ಯಾಸ್ಕೆಟ್‌ಬಾಲಿನ ಬಳೆಗಳನ್ನು ಮೇಲಕ್ಕೆತ್ತಿ ಕಟ್ಟಿದ್ದರು. ಎರಡು ಉದ್ದನೆಯ ಬೆಂಚುಗಳನ್ನು ಮಗ್ಗುಲಾಗಿ ಕೆಡವಿ ಅವನ್ನೇ ಗೋಲುಗಳನ್ನಾಗಿ ಮಾಡಿಕೊಂಡಿದ್ದರು. ನಡುವಣ ಮರದ ನೆಲದ ಮೇಲೆ ಹುಡುಗರೂ ಹುಡುಗಿಯರೂ ಸೇರಿ ಹತ್ತು ಮಂದಿ, ಹೆಚ್ಚು ಪುಟಿಯದ ಸಣ್ಣ ಚೆಂಡೊಂದನ್ನು ಪಾದದಿಂದ ಪಾದಕ್ಕೆ ಸಾಗಿಸುತ್ತ, ಕೂಗುತ್ತ, ಬೀಳುತ್ತ, ಎದ್ದು ಮತ್ತೆ ಓಡುತ್ತ ಇದ್ದರು. ಅವರಲ್ಲಿ ಯಾರೊಬ್ಬರೂ ಶಾಲೆಯ ಅಧಿಕೃತ ತಂಡಕ್ಕೆ ಸೇರಿದವರಲ್ಲವೆಂದು ಮೇಲ್ವಿಚಾರಣೆಗೆ ನಿಂತಿದ್ದ ರಸಾಯನಶಾಸ್ತ್ರದ ಉಪಾಧ್ಯಾಯರು ತಿಳಿಸಿದರು. ಯಾವ ಪಕ್ಷ ಮುಂದಿದೆಯೆಂದು ಕೇಳಿದೆ. ತಾವು ಲೆಕ್ಕವಿಟ್ಟಿಲ್ಲವೆಂದೂ ಮಕ್ಕಳೂ ಇಟ್ಟಿರಲಾರರೆಂದೂ ಅವರು ಹೇಳಿದರು. ಆ ಉತ್ತರವನ್ನು ನಾನು ಅಂದಿನಿಂದ ಮರೆತಿಲ್ಲ. ಈ ಲೇಖನದಲ್ಲಿ ಸಮರ್ಥಿಸಬೇಕೆಂದಿರುವುದೂ ಅದನ್ನೇ.

ಅಮೆರಿಕದ ಖಾಸಗಿ ಪ್ರೌಢಶಾಲೆಗಳಲ್ಲಿ, ವಿಶೇಷವಾಗಿ ನ್ಯೂ ಇಂಗ್ಲೆಂಡಿನ ವಸತಿಶಾಲೆಗಳಲ್ಲಿ, ಆಟವೆಂಬುದು ಪಾಠ ಮುಗಿದ ಮೇಲಿನ ವಿರಾಮವಲ್ಲ, ಶಿಕ್ಷಣಕ್ರಮದ ಒಂದು ಅಂಗ. ಶಾಲಾವರ್ಷವನ್ನು ಶರತ್ಕಾಲ, ಚಳಿಗಾಲ, ವಸಂತಕಾಲಗಳೆಂದು ಮೂರಾಗಿ ವಿಭಾಗಿಸಿ, ಒಂದೊಂದು ಋತುವಿಗೂ ಅದರದರ ಆಟಗಳನ್ನು ಗೊತ್ತುಮಾಡಿ, ವಿದ್ಯಾರ್ಥಿಯಾದವನು ಯಾವುದಾದರೊಂದರಲ್ಲಿ ತೊಡಗಿರಲೇಬೇಕೆಂಬ ನಿಯಮ ಅನೇಕ ಶಾಲೆಗಳಲ್ಲಿ ಬಹು ಕಾಲದಿಂದ ನಡೆದುಬಂದಿದೆ. ನಾವು ಫುಟ್‌ಬಾಲ್ ಎನ್ನುವ, ಅವರು ಸಾಕರ್ ಎನ್ನುವ ಆಟ ಅಲ್ಲಿ ಶರತ್ಕಾಲಕ್ಕೆ ಸೇರಿದ್ದು. ನವೆಂಬರು ಕಳೆದೊಡನೆ ಅದರ ಅಧಿಕೃತ ಆಯುಷ್ಯ ಮುಗಿಯುತ್ತದೆ. ಫ್ಲಾರಿಡಾ, ಟೆಕ್ಸಸ್, ಕ್ಯಾಲಿಫೋರ್ನಿಯಗಳಂತಹ ಬೆಚ್ಚನೆಯ ಪ್ರಾಂತಗಳಲ್ಲಿ ಪ್ರೌಢಶಾಲೆಗಳ ಸಾಕರ್ ಚಳಿಗಾಲದಲ್ಲಿಯೇ ಬಯಲಿನಲ್ಲಿ ನಡೆಯುವುದರಿಂದ ಅವುಗಳ ಮಾತು ಬೇರೆ. ಉತ್ತರದಲ್ಲಿ ಮಾತ್ರ ಚಳಿಗಾಲವು ಬ್ಯಾಸ್ಕೆಟ್‌ಬಾಲ್, ಐಸ್ ಹಾಕಿ, ಸ್ಕ್ವಾಷ್, ಈಜು, ಕುಸ್ತಿ, ಸ್ಕೀ ಮುಂತಾದವಕ್ಕೆ ಮೀಸಲು. ಇವುಗಳಿಗೆ ನಿಯಮಿತ ತರಬೇತುದಾರರುಂಟು, ಅನ್ಯಶಾಲೆಗಳೊಡನೆ ಪಂದ್ಯಗಳುಂಟು, ಗೋಡೆಯ ಮೇಲೆ ಗೆದ್ದ ವರ್ಷಗಳ ಫಲಕಗಳುಂಟು. ಒಳಾಂಗಣ ಸಾಕರಿಗೆ ಬಹುಮಟ್ಟಿಗೆ ಇವಾವುವೂ ಇಲ್ಲ. ಅದು ‘ಕ್ಲಬ್’ ಎಂದೋ ‘ಇಂಟ್ರಾಮ್ಯೂರಲ್’ ಎಂದೋ ಪಟ್ಟಿಯ ಕೊನೆಯಲ್ಲಿ ಒಂದು ಸಾಲನ್ನು ಪಡೆದು, ಉಳಿದ ಆಟಗಳು ಬಿಟ್ಟ ಹೊತ್ತಿನಲ್ಲಿ, ಉಳಿದ ತಂಡಗಳು ಬಿಟ್ಟ ನೆಲದಲ್ಲಿ ನಡೆಯುತ್ತದೆ. ಲ್ಯಾಟಿನ್ ಮೂಲದ ಆ ಎರಡನೆಯ ಶಬ್ದಕ್ಕೆ ‘ಗೋಡೆಗಳ ಒಳಗಿನ’ ಎಂಬುದೇ ಅರ್ಥ.

ಈ ಅನಧಿಕೃತತೆಯನ್ನು ಒಂದು ನ್ಯೂನತೆಯೆಂದು ಎಣಿಸಿ, ಒಳಾಂಗಣ ಸಾಕರನ್ನೂ ಇತರ ಆಟಗಳ ಸಾಲಿಗೆ ಏರಿಸಬೇಕು, ಅದಕ್ಕೂ ತಂಡ, ತರಬೇತಿ, ಪದಕಗಳು ಬೇಕು ಎಂದು ವಾದಿಸುವ ಪೋಷಕರೂ ಶಾಲಾಧಿಕಾರಿಗಳೂ ಉಂಟು. ನನ್ನ ಅಭಿಪ್ರಾಯ ಇದಕ್ಕೆ ನೇರವಾಗಿ ವಿರುದ್ಧವಾದುದು. ಧನಿಕರ ಮಕ್ಕಳು ಬಹುಸಂಖ್ಯೆಯಲ್ಲಿ ಓದುವ ಆ ಶಾಲೆಗಳಲ್ಲಿ ಬಾಲ್ಯದ ಪ್ರತಿಯೊಂದು ಘಳಿಗೆಯೂ ಯಾವುದೋ ಒಂದು ಅರ್ಜಿಯಲ್ಲಿ ಬರೆಯಬಹುದಾದ ಸಾಧನೆಯಾಗಿ ಮಾರ್ಪಡುತ್ತಿರುವಾಗ, ಯಾರ ಲೆಕ್ಕಕ್ಕೂ ಸೇರದೆ ಉಳಿದಿರುವ ಒಂದು ಆಟ ಅಮೂಲ್ಯವಾದುದು. ಅದನ್ನು ಲೆಕ್ಕಕ್ಕೆ ಸೇರಿಸಿದ ದಿನವೇ ಅದರ ಸಾರ ಸೋರಿಹೋಗುತ್ತದೆ.

ಈ ಆಟ ಛಾವಣಿಯ ಕೆಳಗೆ ಬಂದದ್ದು ಇತ್ತೀಚೆಗೆ ಎಂಬ ಸಾಮಾನ್ಯವಾದ ನಂಬಿಕೆಯನ್ನು ಇಲ್ಲಿ ಸ್ವಲ್ಪ ತಿದ್ದಬೇಕಾಗಿದೆ. 1611ರಲ್ಲಿ ತಾಮಸ್ ಸಟನ್ ಎಂಬ ಧನಿಕನು ಲಂಡನ್ನಿನಲ್ಲಿ, ಕಾರ್ಥೂಸಿಯನ್ ಸಂನ್ಯಾಸಿಗಳ ಹಳೆಯ ಮಠದ ಆವರಣದಲ್ಲಿ, ಚಾರ್ಟರ್‌ಹೌಸ್ ಎಂಬ ಶಾಲೆಯನ್ನು ಸ್ಥಾಪಿಸಿದನು. ಇಂಗ್ಲೆಂಡಿನವರು ಇಂತಹ ಶುಲ್ಕದ ಶಾಲೆಗಳನ್ನು ‘ಪಬ್ಲಿಕ್ ಸ್ಕೂಲ್’ ಎಂದು ಕರೆಯುತ್ತಾರಾದರೂ ನಮ್ಮ ಅರ್ಥದಲ್ಲಿ ಅವು ಖಾಸಗಿ ಶಾಲೆಗಳೇ. ಆ ಮಠದಲ್ಲಿ ಸಂನ್ಯಾಸಿಗಳು ಜಪ ಮಾಡುತ್ತ ಸುತ್ತುತ್ತಿದ್ದ, ಕಲ್ಲು ಚಪ್ಪಡಿ ಹಾಸಿದ, ಮೇಲೆ ಮಾಳಿಗೆ ಮುಚ್ಚಿದ ಒಂದು ನೀಳವಾದ ಮೊಗಸಾಲೆಯಿತ್ತು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಶಾಲೆಯ ಹುಡುಗರು ಚೆಂಡಾಡುತ್ತಿದ್ದುದು ಅಲ್ಲಿ. ರಗ್ಬಿ ಶಾಲೆಯ ಹುಲ್ಲುಗಾವಲಿನಲ್ಲಿ ಎದುರಾಳಿಯನ್ನು ಹಿಡಿದು ಕೆಡವಬಹುದಾಗಿತ್ತು, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಬಹುದಾಗಿತ್ತು; ಬಿದ್ದವನನ್ನು ಮೆತ್ತನೆಯ ನೆಲ ಕಾಪಾಡುತ್ತಿತ್ತು. ಕಲ್ಲಿನ ಮೊಗಸಾಲೆಯಲ್ಲಿ ಬಿದ್ದವನ ತಲೆ ಒಡೆಯುತ್ತದೆ; ಚೆಂಡನ್ನು ಎತ್ತಿ ದೂರಕ್ಕೆ ಒದೆಯಲು ಮಾಳಿಗೆ ಬಿಡುವುದಿಲ್ಲ; ಆದುದರಿಂದ ಚೆಂಡನ್ನು ನೆಲಕ್ಕೆ ಹತ್ತಿಸಿಕೊಂಡು, ಪಾದದ ಬಳಿಯಿಂದ ಅಗಲಗೊಡದೆ, ಸಣ್ಣ ಸಣ್ಣ ತಟ್ಟುಗಳಿಂದ ನಡೆಸಿಕೊಂಡು ಹೋಗುವ ಕೌಶಲ—ಇಂದು ‘ಡ್ರಿಬ್ಲಿಂಗ್’ ಎಂದು ಕರೆಯುವ ವಿದ್ಯೆ—ಅಲ್ಲಿ ಅನಿವಾರ್ಯವಾಗಿ ಬೆಳೆಯಿತು. ವೆಸ್ಟ್‌ಮಿನ್‌ಸ್ಟರ್ ಶಾಲೆಯ ಮೊಗಸಾಲೆಗಳಲ್ಲಿಯೂ ಇದೇ ಕಥೆ. 1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಸ್ಥಾಪಿತವಾಗಿ, ಚೆಂಡನ್ನು ಹಿಡಿದು ಓಡುವವರಿಗೂ ಪಾದದಿಂದ ನಡೆಸುವವರಿಗೂ ವಿಚ್ಛೇದವಾದಾಗ, ಪಾದದ ಪಕ್ಷಕ್ಕೆ ಬಲವಾಗಿ ನಿಂತ ಸಂಪ್ರದಾಯಗಳಲ್ಲಿ ಈ ಮೊಗಸಾಲೆಗಳದೂ ಒಂದು. ಇಂದು ಜಗತ್ತು ಕಾಲ್ಚೆಂಡಾಟದಲ್ಲಿ ಅತ್ಯಂತ ಸುಂದರವೆಂದು ಮೆಚ್ಚುವ ಅಂಶ, ಇಕ್ಕಟ್ಟಿನ ಕೂಸು. ಅದು ಸ್ಥಳದ ಸಮೃದ್ಧಿಯಿಂದ ಹುಟ್ಟಿದ್ದಲ್ಲ.

ಚಾರ್ಟರ್‌ಹೌಸಿನ ಆ ಮೊಗಸಾಲೆಯನ್ನು ನಾನು ಒಂದು ಸ್ವರ್ಗವೆಂದು ಚಿತ್ರಿಸಹೊರಟಿಲ್ಲ. ಎರಡು ತುದಿಗಳ ಬಾಗಿಲುಗಳೇ ಗೋಲುಗಳು. ಅವಕ್ಕೆ ಕಾವಲಾಗಿ ಕಿರಿಯ ಬಾಲಕರನ್ನು ಗುಂಪಾಗಿ ನಿಲ್ಲಿಸಿ, ಹಿರಿಯರು ಮೈಮೇಲೆ ಬಿದ್ದಾಗ ಪೆಟ್ಟು ತಿನ್ನುವ ಕರ್ತವ್ಯವನ್ನು ಅವರಿಗೆ ವಿಧಿಸುತ್ತಿದ್ದರು. ಉಪಾಧ್ಯಾಯರ ಕಣ್ಣಿಲ್ಲದ ಆಟ ಬಲಿಷ್ಠರ ರಾಜ್ಯವಾಗುತ್ತದೆ ಎಂಬುದಕ್ಕೆ ಅದೊಂದು ನಿದರ್ಶನ. ಲೆಕ್ಕವಿಡದ ಆಟ ಬೇಕೆಂದು ನಾನು ಹೇಳುವಾಗ, ಕಾಯುವವರಿಲ್ಲದ ಆಟ ಬೇಕೆಂದು ಹೇಳುತ್ತಿಲ್ಲ. 1872ರಲ್ಲಿ ಆ ಶಾಲೆ ಮೊಗಸಾಲೆಯನ್ನು ಬಿಟ್ಟು ಸರ್ರೆ ಪ್ರಾಂತದ ಗೊಡಾಲ್ಮಿಂಗಿನ ವಿಶಾಲವಾದ ಬಯಲುಗಳಿಗೆ ಹೊರಟುಹೋಯಿತು. 1881ರಲ್ಲಿ ಆ ಶಾಲೆಯ ಹಳೆಯ ವಿದ್ಯಾರ್ಥಿಗಳ ತಂಡ ಇಂಗ್ಲೆಂಡಿನ ಎಫ್.ಎ. ಕಪ್ಪನ್ನು ಗೆದ್ದಿತು.

ಅಮೆರಿಕದಲ್ಲಿ ಮೊದಮೊದಲು ಚೆಂಡಾಟದ ಸಂಘ ಕಟ್ಟಿದವರೂ ಖಾಸಗಿ ಶಾಲೆಯ ಹುಡುಗರೇ. 1862ರಲ್ಲಿ ಬಾಸ್ಟನ್ ನಗರದಲ್ಲಿ, ಡಿಕ್ಸ್‌ವೆಲ್ ಎಂಬ ಉಪಾಧ್ಯಾಯನ ಖಾಸಗಿ ಲ್ಯಾಟಿನ್ ಶಾಲೆಯ ವಿದ್ಯಾರ್ಥಿಯಾಗಿದ್ದ ಗೆರಿಟ್ ಸ್ಮಿತ್ ಮಿಲ್ಲರ್ ‘ಒನೈಡಾ’ ಎಂಬ ಸಂಘವನ್ನು ಕಟ್ಟಿದನು. ನಗರಮಧ್ಯದ ಬಾಸ್ಟನ್ ಕಾಮನ್ ಎಂಬ ಸಾರ್ವಜನಿಕ ಹುಲ್ಲುಗಾವಲೇ ಅವರ ಅಂಗಳ. 1925ರಲ್ಲಿ ಅಲ್ಲಿ ಅವರ ನೆನಪಿಗೆ ಒಂದು ಕಲ್ಲನ್ನೂ ನಿಲ್ಲಿಸಿದ್ದಾರೆ. ಅವರು ಆಡಿದ್ದು ಇಂದಿನ ಸಾಕರ್ ಅಲ್ಲ, ಕೈಯೂ ಕಾಲೂ ಬೆರೆತ ಒಂದು ಮಿಶ್ರ ಆಟ; ಅದನ್ನು ಸಾಕರಿನ ಮೂಲವೆಂದು ಹೇಳಿಕೊಳ್ಳುವುದರಲ್ಲಿ ಉತ್ಪ್ರೇಕ್ಷೆಯಿದೆ. ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು ಅದೇ ಪ್ರಾಂತದ ಸ್ಪ್ರಿಂಗ್‌ಫೀಲ್ಡಿನಲ್ಲಿ 1891ರ ಚಳಿಗಾಲದಲ್ಲಿ ನಡೆದ ಸಂಗತಿ. ವೈ.ಎಂ.ಸಿ.ಎ.ಯ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ತರುಣ ಶಿಕ್ಷಕನಿಗೆ, ಕವಾಯತಿನಿಂದ ಬೇಸತ್ತ ಹದಿನೆಂಟು ವಿದ್ಯಾರ್ಥಿಗಳನ್ನು ಚಳಿಗಾಲದುದ್ದಕ್ಕೂ ಛಾವಣಿಯ ಕೆಳಗೆ ಹುರುಪಿನಿಂದಿಡುವ ಹೊಣೆ ಬಿದ್ದಿತು. ಹೊಸದೊಂದು ಆಟವನ್ನು ಕಂಡುಹಿಡಿಯುವುದಕ್ಕೆ ಮೊದಲು ಅವನು ಬಯಲಿನ ಆಟಗಳನ್ನೇ ಒಳಗೆ ತಂದು ನೋಡಿದನು. ಅವುಗಳಲ್ಲಿ ಸಾಕರೂ ಒಂದು. ಮೃದುವಾದ ಅಡಿಯ ಪಾದರಕ್ಷೆಗಳನ್ನು ತೊಟ್ಟಿರುವುದರಿಂದ ಎಚ್ಚರಿಕೆಯಿಂದ ಒದೆಯುವರೆಂದು ಅವನು ನಂಬಿದ್ದನು. ಗೋಲು ಕಣ್ಣಿಗೆ ಬಿದ್ದೊಡನೆ ಅವರು ಪಾದರಕ್ಷೆಯನ್ನು ಮರೆತರು, ಒಬ್ಬೊಬ್ಬರಾಗಿ ಕುಂಟುತ್ತ ಬದಿಗೆ ಸರಿದರು. ಆ ವೈಫಲ್ಯದಿಂದ ಪಾಠ ಕಲಿತು, ಗೋಲನ್ನು ನೆಲದಿಂದ ಹತ್ತು ಅಡಿ ಎತ್ತರಕ್ಕೆ ಏರಿಸಿ, ಪೀಚ್ ಹಣ್ಣಿನ ಬುಟ್ಟಿಗಳನ್ನು ಮೊಳೆಹೊಡೆದು, ಕೈಯಾಟವೊಂದನ್ನು ಅವನು ರೂಪಿಸಿದನು. ಬ್ಯಾಸ್ಕೆಟ್‌ಬಾಲಿನ ಆ ಮೊದಲ ಪಂದ್ಯ ನಡೆದದ್ದು ಸಾಕರ್ ಚೆಂಡಿನಿಂದಲೇ.

ಮುಂದಿನ ಸಂಗತಿ ದಕ್ಷಿಣ ಅಮೆರಿಕದ್ದು. 1930ರಲ್ಲಿ, ಯುರುಗ್ವೆ ದೇಶ ಮೊದಲ ವಿಶ್ವಕಪ್ಪನ್ನು ತನ್ನ ನೆಲದಲ್ಲಿಯೇ ನಡೆಸಿ ಗೆದ್ದ ಆ ವರ್ಷ, ರಾಜಧಾನಿ ಮಾಂಟೆವಿಡಿಯೋವಿನ ಬೀದಿ ಬೀದಿಗಳಲ್ಲಿ ಮಕ್ಕಳು ಚೆಂಡು ಒದೆಯುತ್ತಿದ್ದರು. ಆಡಲು ನೆಲ ಸಾಲದು, ಮಳೆ ಬಂದರೆ ಇದ್ದ ನೆಲವೂ ಇಲ್ಲ. ಅಲ್ಲಿಯ ವೈ.ಎಂ.ಸಿ.ಎ.ಯಲ್ಲಿ ಉಪಾಧ್ಯಾಯನಾಗಿದ್ದ ಹ್ವಾನ್ ಕಾರ್ಲೋಸ್ ಸೆರಿಯಾನಿ, ಕಟ್ಟಡದೊಳಗಿನ ಬ್ಯಾಸ್ಕೆಟ್‌ಬಾಲ್ ಅಂಗಳವನ್ನೇ ಕಾಲ್ಚೆಂಡಿಗೆ ಒಗ್ಗಿಸಿದನು: ಪಕ್ಷಕ್ಕೆ ಐವರೆಂಬುದನ್ನು ಬ್ಯಾಸ್ಕೆಟ್‌ಬಾಲಿನಿಂದಲೂ, ಗೋಲಿನ ಅಳತೆಯನ್ನು ಹ್ಯಾಂಡ್‌ಬಾಲಿನಿಂದಲೂ, ಗೋಲುಕಾವಲಿನ ಕೆಲವು ನಿಯಮಗಳನ್ನು ನೀರಿನ ಪೋಲೋ ಆಟದಿಂದಲೂ ಎರವಲು ಪಡೆದನು. ಇಂದಿನ ಫುಟ್ಸಾಲ್ ಹುಟ್ಟಿದ್ದು ಹೀಗೆ. ಸಾಕರನ್ನು ಒಳಗೆ ಆಡಲಾಗದೆಂಬ ಕಾರಣದಿಂದ ಕಟ್ಟಿದ ಅಂಗಳಕ್ಕೆ 39 ವರ್ಷಗಳ ಮೇಲೆ ಸಾಕರೇ ಮರಳಿ ಬಂದು ನೆಲಸಿತು. ನೈಸ್ಮಿತನ ಮುಂದಾಗಲಿ ಸೆರಿಯಾನಿಯ ಮುಂದಾಗಲಿ ವೀರರನ್ನು ಆರಿಸುವ ಗುರಿಯಿರಲಿಲ್ಲ. ಇದ್ದ ಮಕ್ಕಳೆಲ್ಲರಿಗೂ ಇದ್ದ ನೆಲದಲ್ಲಿ ಆಟ ದೊರೆಯಬೇಕೆಂಬ ಒಂದೇ ಚಿಂತೆ.

ಅಮೆರಿಕದಲ್ಲಿ ಒಳಾಂಗಣ ಸಾಕರೆಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಆಟಗಳಿವೆಯೆಂಬುದನ್ನು ನಮ್ಮವರು ಅರಿಯಬೇಕು. ಒಂದು, ಐಸ್ ಹಾಕಿಯ 200 ಅಡಿ ಉದ್ದ, 85 ಅಡಿ ಅಗಲದ ಕಣದಲ್ಲಿ ಕೃತಕ ಹುಲ್ಲನ್ನು ಹಾಸಿ, ಸುತ್ತಲಿನ ಹಲಗೆಯ ಗೋಡೆಗಳನ್ನು ಹಾಗೆಯೇ ಬಿಟ್ಟು ಆಡತಕ್ಕದ್ದು. 1978ರಲ್ಲಿ ಆರಂಭವಾದ ವೃತ್ತಿಪರ ಲೀಗೊಂದು ಇದನ್ನು ಜನಪ್ರಿಯಗೊಳಿಸಿತು. ಇಲ್ಲಿ ಚೆಂಡು ಹೊರಗೆ ಹೋಗುವುದು ಅಪರೂಪ. ಗೋಡೆಗೆ ಬಡಿದು ಮರಳುತ್ತದೆ, ಆಟ ನಿಲ್ಲುವುದಿಲ್ಲ, ನೋಡುವವರಿಗೆ ರೋಮಾಂಚವಾಗುತ್ತದೆ. ಮತ್ತೊಂದು ಫುಟ್ಸಾಲ್: ಇಲ್ಲಿ ಗೋಡೆಯಿಲ್ಲ, ಗೆರೆಯಿದೆ, ಗೆರೆ ದಾಟಿದ ಚೆಂಡು ಎದುರಾಳಿಯದು, ಅವನು ಅದನ್ನು ನಾಲ್ಕು ಸೆಕೆಂಡುಗಳೊಳಗೆ ಮತ್ತೆ ಆಟಕ್ಕೆ ತರಬೇಕು. ಚೆಂಡು ಸಣ್ಣದು, ಪುಟಿತ ಕಡಮೆ. ಒಂದು ಪಕ್ಷದ ತಪ್ಪುಗಳನ್ನೆಲ್ಲ ಒಟ್ಟಾಗಿ ಎಣಿಸಿ, ಅರ್ಧ ಆಟದಲ್ಲಿ ಆರನೆಯದು ಒದಗಿದೊಡನೆ, ಎದುರು ಪಕ್ಷಕ್ಕೆ ಅಡ್ಡಗೋಡೆ ಕಟ್ಟಲಾಗದ ನೇರ ಒದೆತವೊಂದನ್ನು ಕೊಡುತ್ತಾರೆ. ಒಬ್ಬನ ಒರಟುತನಕ್ಕೆ ಐವರೂ ಉತ್ತರ ಹೇಳಬೇಕಾಗುತ್ತದೆ. ಹಲಗೆಗೋಡೆಯ ಆಟದ ಉತ್ಸಾಹವನ್ನು ನಾನು ಅಲ್ಲಗಳೆಯಲಾರೆ. ಆದರೂ ಶಾಲೆಗೆ ತಕ್ಕದ್ದು ಗೆರೆಯ ಆಟವೆಂದು ನನಗೆ ತೋರುತ್ತದೆ. ಗೋಡೆ ಬಲವಾಗಿ ಒದೆದವನ ತಪ್ಪನ್ನು ಮನ್ನಿಸಿ ಚೆಂಡನ್ನು ಅವನಿಗೇ ಮರಳಿಸುತ್ತದೆ, ಗೆರೆ ಮನ್ನಿಸುವುದಿಲ್ಲ. ಗೆರೆಯೊಳಗೆ ನಿಲ್ಲಬೇಕಾದವನು ತನ್ನ ಬಲವನ್ನು ಅಳೆಯಬೇಕು, ಜೊತೆಗಾರ ಎಲ್ಲಿರುವನೆಂದು ಮುಂದಾಗಿ ನೋಡಬೇಕು. ಅಲ್ಲಿ ಹದಿನಾಲ್ಕು ವರ್ಷದ ಕೃಶವಾದ ಹುಡುಗಿ ಹದಿನೇಳರ ದೃಢಕಾಯನನ್ನು ವಂಚಿಸಿ ಮುಂದೆ ಸಾಗುವುದನ್ನು ನಾನೇ ಆ ಸಂಜೆ ಕಂಡೆ.

ಇನ್ನೊಂದು ಅನುಕೂಲವನ್ನು ಅಂಕೆಗಳೇ ಹೇಳುತ್ತವೆ. ಅಂತರರಾಷ್ಟ್ರೀಯ ಫುಟ್ಸಾಲ್ ಅಂಗಳ ಸಾಮಾನ್ಯವಾಗಿ 40 ಮೀಟರು ಉದ್ದ, 20 ಮೀಟರು ಅಗಲ; ಆದರೆ ಸಾಧಾರಣ ಪಂದ್ಯಗಳಿಗೆ 25 ಮೀಟರು ಉದ್ದ, 16 ಮೀಟರು ಅಗಲ ಸಾಕೆಂದು ನಿಯಮವೇ ಒಪ್ಪುತ್ತದೆ. ಅಮೆರಿಕದ ಪ್ರೌಢಶಾಲೆಯ ಬ್ಯಾಸ್ಕೆಟ್‌ಬಾಲ್ ಅಂಗಳದ ಅಳತೆ 84 ಅಡಿ, 50 ಅಡಿ; ಎಂದರೆ ಉದ್ದದಲ್ಲಿ ನಿಯಮವನ್ನು ಮೀರುತ್ತದೆ, ಅಗಲದಲ್ಲಿ ಎರಡೂವರೆ ಅಡಿಯಷ್ಟು ಮಾತ್ರ ಕಡಮೆ ಬೀಳುತ್ತದೆ. ಹೊಸ ಕಟ್ಟಡ ಬೇಡ, ಹೊಸ ನೆಲ ಬೇಡ. ಆದುದರಿಂದ, ಒಳಾಂಗಣ ಸಾಕರಿಗಾಗಿಯೇ ಕೋಟ್ಯಂತರ ವೆಚ್ಚದ ಪ್ರತ್ಯೇಕ ಮಂದಿರವನ್ನು ಕಟ್ಟಿ, ಅದರ ಚಿತ್ರವನ್ನು ಪ್ರವೇಶಪುಸ್ತಿಕೆಯ ಮುಖಪುಟದಲ್ಲಿ ಅಚ್ಚುಹಾಕಿಸುವ ಶಾಲೆ ಆಟದ ಸ್ವಭಾವವನ್ನು ಅರಿತಿಲ್ಲ.

ಲೆಕ್ಕಕ್ಕೆ ಸೇರಿದ ಆಟದ ಗತಿಯೇನಾಗುತ್ತದೆ ಎಂಬುದಕ್ಕೆ ಸ್ಕ್ವಾಷ್ ಆಟಕ್ಕಿಂತ ಸ್ಪಷ್ಟವಾದ ದೃಷ್ಟಾಂತ ನನಗೆ ತಿಳಿಯದು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಇಂಗ್ಲೆಂಡಿನ ಹ್ಯಾರೋ ಶಾಲೆಯಲ್ಲಿ, ರ‍್ಯಾಕೆಟ್ಸ್ ಎಂಬ ಆಟದ ಅಂಕಣ ತೆರವಾಗುವವರೆಗೆ ಕಾಯುತ್ತಿದ್ದ ಹುಡುಗರು, ಸುಮ್ಮನಿರಲಾರದೆ, ಹಿಸುಕಿದರೆ ಕುಗ್ಗುವ ರಬ್ಬರ್ ಚೆಂಡನ್ನು ಮೂಲೆಯ ಗೋಡೆಗೆ ಹೊಡೆಯುತ್ತ ಕಾಲ ಕಳೆದರು. ಕಾಯುವಿಕೆಯ ಬೇಸರದಿಂದ ಹುಟ್ಟಿದ ಆಟ ಅದು. 1884ರಲ್ಲಿ ನ್ಯೂ ಹ್ಯಾಂಪ್‌ಷೈರಿನ ಸೇಂಟ್ ಪಾಲ್ಸ್ ಶಾಲೆ ಅಮೆರಿಕದ ಮೊದಲ ಸ್ಕ್ವಾಷ್ ಅಂಕಣಗಳನ್ನು ಕಟ್ಟಿತು. ಇಂದು ಅದೇ ಆಟ, ಬಾಲಕರಿಗೆ ಶ್ರೇಯಾಂಕಗಳನ್ನು ಹಚ್ಚಿ, ಖಾಸಗಿ ಗುರುಗಳಿಗೆ ಗಂಟೆಯ ಲೆಕ್ಕದಲ್ಲಿ ಹಣ ತೆತ್ತು, ಊರಿಂದೂರಿಗೆ ಪಂದ್ಯಾವಳಿಗಳಿಗೆ ಅಲೆದು, ಪ್ರತಿಷ್ಠಿತ ವಿಶ್ವವಿದ್ಯಾಲಯಗಳ ಬಾಗಿಲು ತಟ್ಟುವ ಒಂದು ಸಾಧನವಾಗಿದೆ. ಅದನ್ನು ಪ್ರೀತಿಯಿಂದ ಆಡುವ ಮಕ್ಕಳು ಇಲ್ಲವೆಂದಲ್ಲ; ಆ ಪ್ರೀತಿಗೆ ಹೊರೆಯೊಂದು ಸೇರಿಕೊಂಡಿದೆ, ಅಷ್ಟೆ.

ಸಾಕರಿನ ಮೇಲೂ ಇದೇ ಭಾರ ಬೀಳುತ್ತಿದೆ. ಅಮೆರಿಕದ ಸಾಕರ್ ಒಕ್ಕೂಟ 2007ರಲ್ಲಿ ಆರಂಭಿಸಿದ ತರುಣ ಆಟಗಾರರ ಅಕಾಡೆಮಿ ಪದ್ಧತಿ, 2012ರಲ್ಲಿ ತನ್ನ ಕಾಲಾವಧಿಯನ್ನು ಹತ್ತು ತಿಂಗಳಿಗೆ ವಿಸ್ತರಿಸಿ, ತನ್ನಲ್ಲಿ ಸೇರಿದ ಬಾಲಕರು ಪ್ರೌಢಶಾಲೆಯ ತಂಡದಲ್ಲಿ ಆಡಕೂಡದೆಂದು ವಿಧಿಸಿತು. ವಿದ್ಯಾರ್ಥಿವೇತನದಿಂದ ಓದುತ್ತಿದ್ದವರಿಗಾಗಿ ಕೆಲವು ಖಾಸಗಿ ಶಾಲೆಗಳ ವಿಷಯದಲ್ಲಿ ಮಾತ್ರ ವಿನಾಯಿತಿ ತೋರಿತು. ಸಹಪಾಠಿಗಳೊಡನೆ ತನ್ನ ಶಾಲೆಯ ಬಣ್ಣವನ್ನು ತೊಟ್ಟು ಆಡುವುದೋ, ಭವಿಷ್ಯವನ್ನು ನೋಡಿಕೊಳ್ಳುವುದೋ ಎಂಬ ದ್ವಂದ್ವಕ್ಕೆ ಹದಿನೈದರ ಹುಡುಗನನ್ನು ಒಡ್ಡಿದ ಆ ಪದ್ಧತಿ 2020ರ ಏಪ್ರಿಲಿನಲ್ಲಿ ನಿಂತುಹೋಯಿತು. ಇಷ್ಟೆಲ್ಲ ಶ್ರಮದ ಕೊನೆಗೆ ದೊರೆಯುವುದಾದರೂ ಏನು? ಪ್ರಥಮ ದರ್ಜೆಯ ಕಾಲೇಜು ಕ್ರೀಡೆಯಲ್ಲಿ ಪುರುಷರ ಸಾಕರ್ ತಂಡವೊಂದಕ್ಕೆ 2025ರವರೆಗೂ ಅನುಮತಿಯಿದ್ದುದು 9.9 ಪೂರ್ಣ ವಿದ್ಯಾರ್ಥಿವೇತನಗಳಿಗೆ. ಇಪ್ಪತ್ತೈದು ಮೂವತ್ತು ಮಂದಿಯ ತಂಡದಲ್ಲಿ ಅದನ್ನು ಹರಿದು ಹಂಚಬೇಕಾಗಿತ್ತು. ಹಾರ್ವರ್ಡ್, ಯೇಲ್ ಮುಂತಾದ ಐವಿ ಲೀಗಿನ ವಿಶ್ವವಿದ್ಯಾಲಯಗಳು ಕ್ರೀಡೆಗಾಗಿ ವಿದ್ಯಾರ್ಥಿವೇತನವನ್ನೇ ಕೊಡುವುದಿಲ್ಲ. ಅಲ್ಲಿ ಆಟಗಾರನಿಗೆ ಸಿಕ್ಕುವುದು ಪ್ರವೇಶದಲ್ಲಿ ಒಂದು ಪ್ರಾಶಸ್ತ್ಯ. ಆ ಪ್ರಾಶಸ್ತ್ಯದ ಬೆಲೆ ಎಷ್ಟು ಏರಿತ್ತೆಂಬುದು 2019ರ ಮಾರ್ಚಿನಲ್ಲಿ ಬಯಲಾಯಿತು: ಸಾಕರನ್ನು ಸ್ಪರ್ಧೆಯಾಗಿ ಆಡಿಯೇ ಇಲ್ಲದ ಮಕ್ಕಳಿಗೂ ಆಟಗಾರರೆಂಬ ಸುಳ್ಳು ವಿವರಗಳನ್ನು ಸೃಷ್ಟಿಸಿ, ಲಂಚ ಕೊಟ್ಟು ಪ್ರವೇಶ ಕೊಡಿಸಿದ ಜಾಲವನ್ನು ಸರ್ಕಾರ ನ್ಯಾಯಾಲಯಕ್ಕೆ ಎಳೆಯಿತು.

ಅಲ್ಲಿ ನೆಲಸಿರುವ ನಮ್ಮ ಕನ್ನಡದ ಕುಟುಂಬಗಳಲ್ಲಿಯೂ ಈ ಚಿಂತೆ ಹೊಕ್ಕಿರುವುದನ್ನು ನಾನು ನೋಡಿದ್ದೇನೆ. ಮಕ್ಕಳ ಶ್ರೇಯಸ್ಸಿಗಾಗಿ ಊರು, ಭಾಷೆ, ಬಂಧುಗಳನ್ನು ಬಿಟ್ಟು ಹೋದ ತಂದೆತಾಯಿಗಳು, ಆಟವೂ ಒಂದು ಅರ್ಹತೆಯೆಂದು ತಿಳಿದು ಬಂದಾಗ, ವೀಣೆಗೂ ಗಣಿತಕ್ಕೂ ತೋರಿದ ಶ್ರದ್ಧೆಯನ್ನೇ ಅದಕ್ಕೂ ತೋರುತ್ತಾರೆ. ಅವರನ್ನು ನಾನು ದೂಷಿಸಲಾರೆ. ಅಪರಿಚಿತ ದೇಶದಲ್ಲಿ ನಿಯಮಗಳನ್ನು ಬೇರೆಯವರು ಗೊತ್ತುಮಾಡಿರುವಾಗ, ಆ ನಿಯಮಗಳಿಗೆ ಅನುಸಾರವಾಗಿ ಮಕ್ಕಳನ್ನು ಸಜ್ಜುಗೊಳಿಸುವುದು ವಾತ್ಸಲ್ಯದ ಒಂದು ರೂಪ. ನಾನು ಅವರಲ್ಲಿ ಬೇಡುವುದು ಇಷ್ಟು: ವಾರದಲ್ಲಿ ಎರಡು ಸಂಜೆ ಮಗು ವ್ಯಾಯಾಮಮಂದಿರಕ್ಕೆ ಹೋಗಿ ಬಂದಾಗ, ಎಷ್ಟು ಗೋಲು ಹೊಡೆದೆಯೆಂದು ಕೇಳದಿರಲಿ.

ಸ್ಪರ್ಧೆಯಿಲ್ಲದ ಆಟ ಸಡಿಲವಾಗುತ್ತದೆ, ಉತ್ಕರ್ಷವಿಲ್ಲದೆ ಹೋಗುತ್ತದೆ ಎಂಬ ಆಕ್ಷೇಪಣೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಫಿಫಾ ಸಂಸ್ಥೆ 1989ರಲ್ಲಿ ನೆದರ್‌ಲೆಂಡ್ಸಿನಲ್ಲಿ ನಡೆಸಿದ ಮೊದಲ ಫುಟ್ಸಾಲ್ ವಿಶ್ವಪಂದ್ಯದಲ್ಲಿ ಅಮೆರಿಕ ಮೂರನೆಯ ಸ್ಥಾನವನ್ನೂ, 1992ರಲ್ಲಿ ಹಾಂಗ್‌ಕಾಂಗಿನಲ್ಲಿ ಎರಡನೆಯ ಸ್ಥಾನವನ್ನೂ ಪಡೆದಿತ್ತು. ಆ ಬಳಿಕ ಅಂತಹ ಸ್ಥಾನ ಅದಕ್ಕೆ ದಕ್ಕಿಲ್ಲ. ಶಾಲೆಗಳು ಈ ಆಟವನ್ನು ಗಂಭೀರವಾಗಿ ಕೈಗೊಂಡಿದ್ದರೆ ಹೀಗಾಗುತ್ತಿರಲಿಲ್ಲವೆಂದು ಹೇಳುವವರ ಮಾತಿನಲ್ಲಿ ಸ್ವಲ್ಪ ಹುರುಳಿರಬಹುದು. ಆದರೆ ಎರಡು ಸಲವೂ ಗೆದ್ದ ಬ್ರೆಜಿಲಿನ ಕಡೆಗೆ ತಿರುಗಿ ನೋಡೋಣ. ಪೆಲೆಯಿಂದ ನೇಮಾರ್‌ವರೆಗೆ ಆ ದೇಶದ ಹೆಸರಾಂತ ಆಟಗಾರರು ಅನೇಕರು ಬಾಲ್ಯದಲ್ಲಿ ಸಣ್ಣ ಅಂಗಳದ ಈ ಆಟವನ್ನೇ ಆಡಿ ಬೆಳೆದವರು. ಅಲ್ಲಿ ಕೆಲವರು ಮೇಲೇರಿದ್ದು, ಅಸಂಖ್ಯಾತರು ಯಾವ ಏರಿಕೆಯನ್ನೂ ಎದುರುನೋಡದೆ ಆಡಿದ ನೆಲದ ಮೇಲೆ. ಅಲ್ಲದೆ, ಒಂದು ಪ್ರೌಢಶಾಲೆಯ ಕರ್ತವ್ಯ ವಿಶ್ವಪಂದ್ಯದ ಆಟಗಾರರನ್ನು ತಯಾರಿಸುವುದೇ? ಶಾಲೆಯಲ್ಲಿ ನಾನೂರು ಮಕ್ಕಳಿದ್ದು ಶರತ್ಕಾಲದ ಮುಖ್ಯ ತಂಡದಲ್ಲಿ ಇಪ್ಪತ್ತೆರಡು ಮಂದಿಗೆ ಸ್ಥಾನವಿದ್ದರೆ, ಆ ಇಪ್ಪತ್ತೆರಡರ ಹಿತವನ್ನು ನೋಡಿಕೊಳ್ಳಲು ಕ್ಲಬ್ಬುಗಳೂ ತರಬೇತುದಾರರೂ ಸಾಲುಗಟ್ಟಿ ನಿಂತಿದ್ದಾರೆ. ಆಯ್ಕೆಯ ಪಟ್ಟಿಯಲ್ಲಿ ತನ್ನ ಹೆಸರಿಲ್ಲದುದನ್ನು ಸೆಪ್ಟೆಂಬರಿನಲ್ಲಿ ಓದಿ, ಯಾರಿಗೂ ಹೇಳದೆ ಪಾದರಕ್ಷೆಗಳನ್ನು ಪೆಟ್ಟಿಗೆಯಲ್ಲಿಟ್ಟ ಮಗುವಿಗೆ ಶಾಲೆಯಲ್ಲದೆ ಬೇರೆ ಗತಿಯಿಲ್ಲ.

ಇಲ್ಲಿಗೆ ನನ್ನ ವಾದದ ಅರ್ಧ ಮುಗಿಯಿತು. ಉಳಿದರ್ಧ ಆ ಮಂದಿರದ ಬಾಗಿಲಿಗೆ ಸಂಬಂಧಿಸಿದ್ದು. ನ್ಯೂ ಇಂಗ್ಲೆಂಡಿನ ಪ್ರಸಿದ್ಧ ವಸತಿಶಾಲೆಗಳಲ್ಲಿ ಒಬ್ಬ ವಿದ್ಯಾರ್ಥಿಯ ವಾರ್ಷಿಕ ಶುಲ್ಕ 60,000 ಡಾಲರನ್ನು ಮೀರಿದೆ. 1778ರಲ್ಲಿ ಸ್ಥಾಪಿತವಾದ ಆಂಡೋವರಿನ ಫಿಲಿಪ್ಸ್ ಅಕಾಡೆಮಿ 2007ರಿಂದ ವಿದ್ಯಾರ್ಥಿಯ ಆರ್ಥಿಕ ಸ್ಥಿತಿಯನ್ನು ನೋಡದೆ ಪ್ರವೇಶ ಕೊಡುವ ನೀತಿಯನ್ನು ಅಂಗೀಕರಿಸಿರುವುದು ನಿಜವಾಗಿಯೂ ಶ್ಲಾಘ್ಯ. ಇಂತಹ ಶಾಲೆಗಳಲ್ಲಿ ಹೆಚ್ಚಿನವು ಲಾಭಾಪೇಕ್ಷೆಯಿಲ್ಲದ ಸಂಸ್ಥೆಗಳೆಂದು ಪರಿಗಣಿತವಾಗಿ, ಆದಾಯತೆರಿಗೆಯಿಂದ ವಿಮುಕ್ತವಾಗಿವೆ. ದಾನಿಗಳಿಗೂ ತೆರಿಗೆಯಲ್ಲಿ ಸೌಲಭ್ಯವುಂಟು. ಈ ವಿನಾಯಿತಿಗೆ ಸಮಾಜ ಕೊಡುವ ಕಾರಣ ಒಂದೇ: ಶಾಲೆಯಿಂದ ಸಾರ್ವಜನಿಕರಿಗೆ ಹಿತವಾಗುತ್ತದೆ ಎಂಬುದು. ಹಾಗಿದ್ದಲ್ಲಿ, ಊರಿನ ಸಾಧಾರಣ ಮಕ್ಕಳಿಗೆ ಹಿಮ ಬಿದ್ದ ಬಯಲಿನ ಹೊರತು ಆಟದ ನೆಲ ದುರ್ಲಭವಾಗಿರುವ, ಬಾಡಿಗೆಯ ಮಂದಿರಗಳಲ್ಲಿ ಗಂಟೆಗೆ ಇಷ್ಟೆಂದು ತೆರಬೇಕಾಗಿರುವ ಡಿಸೆಂಬರಿನಿಂದ ಮಾರ್ಚಿನವರೆಗೆ, ಭಾನುವಾರದ ಮಧ್ಯಾಹ್ನ ಬರಿದಾಗಿ ಬಿದ್ದಿರುವ ಆ ಮರದ ನೆಲವನ್ನು ಊರಿಗೆ ತೆರೆಯುವುದನ್ನು ಔದಾರ್ಯವೆಂದು ಕರೆಯುವುದು ಸಲ್ಲದು. ಅದು ಪಡೆದ ಸಾಲದ ಮರುಪಾವತಿ.

ನಮ್ಮ ನಾಡಿನ ನೆನಪಾಗದೆ ಇಲ್ಲಿಂದ ಮುಂದೆ ಹೋಗಲಾರೆ. ಬೆಂಗಳೂರಿನ ದಂಡುಪ್ರದೇಶ ಕಾಲ್ಚೆಂಡಿನ ಹಳೆಯ ತವರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ, ಸ್ವತಂತ್ರ ಭಾರತದ ಪರವಾಗಿ, ಅನೇಕರು ಬರಿಗಾಲಲ್ಲಿ ಆಡಿದ ಆ ತಂಡ ಫ್ರಾನ್ಸಿನ ಮೇಲೆ ಹೊಡೆದ ಒಂದೇ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಮದರಾಸಿನಲ್ಲಿ 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕನ್ನರು ಸ್ಥಾಪಿಸಿದ ವೈ.ಎಂ.ಸಿ.ಎ. ವ್ಯಾಯಾಮ ಕಾಲೇಜಿನಿಂದ ತರಬೇತಾಗಿ ಬಂದ ಶಿಕ್ಷಕರು ಬ್ಯಾಸ್ಕೆಟ್‌ಬಾಲ್, ವಾಲಿಬಾಲ್‌ಗಳನ್ನು ನಮ್ಮ ಶಾಲೆಗಳಿಗೆ ಹರಡಿದರು. ವೈ.ಎಂ.ಸಿ.ಎ.ಯ ಇನ್ನೊಂದು ಕೂಸಾದ ಫುಟ್ಸಾಲ್ ಮಾತ್ರ ನಮ್ಮಲ್ಲಿಗೆ ಬಹಳ ತಡವಾಗಿ ಬಂದಿತು. ರಾಷ್ಟ್ರೀಯ ಮಟ್ಟದ ಮೊದಲ ಫುಟ್ಸಾಲ್ ಕ್ಲಬ್ ಪಂದ್ಯಾವಳಿಯನ್ನು ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ನಡೆಸಿದ್ದು 2021ರಲ್ಲಿ, ದೆಹಲಿಯಲ್ಲಿ. ಬಂದದ್ದಾದರೂ ಹೇಗೆ? ದೊಡ್ಡ ಶುಲ್ಕದ ಶಾಲೆಗಳ ಪ್ರವೇಶಪುಸ್ತಿಕೆಗಳಲ್ಲಿ ಒಂದು ಆಕರ್ಷಣೆಯಾಗಿ, ಮತ್ತು ಬಲೆ ಕಟ್ಟಿದ, ದೀಪ ಹಚ್ಚಿದ, ಗಂಟೆಗೆ ಬಾಡಿಗೆಯ ‘ಟರ್ಫ್’ ಆಗಿ. ಪ್ರತಿಯೊಂದು ಶಾಲೆಗೂ ಆಟದ ಮೈದಾನವಿರಬೇಕೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಅನುಸೂಚಿ ಹೇಳುತ್ತದೆ; ನಗರದ ಇಕ್ಕಟ್ಟಿನ ಗಲ್ಲಿಗಳಲ್ಲಿ ಮಹಡಿಯ ಮೇಲೆ ಮಹಡಿ ಏರಿಸಿದ ಶಾಲೆಗಳನ್ನು ನೋಡಿದವರು ಆ ಮಾತಿಗೂ ವಾಸ್ತವಕ್ಕೂ ಇರುವ ಅಂತರವನ್ನು ಬಲ್ಲರು. ದೊಡ್ಡ ಮೈದಾನಕ್ಕೆ ನೆಲವಿಲ್ಲದ ಇಂತಹ ಕಡೆಗಳಿಗೇ ಅಲ್ಲವೆ, 25 ಮೀಟರು ಉದ್ದ 16 ಮೀಟರು ಅಗಲದಲ್ಲಿ ಅಡಗುವ ಈ ಆಟ ಒಪ್ಪುವುದು? ಸೆರಿಯಾನಿ ಮಾಂಟೆವಿಡಿಯೋವಿನಲ್ಲಿ ಎದುರಿಸಿದ ಕಷ್ಟವೇ ನಮ್ಮದೂ—ಮಕ್ಕಳು ಬಹಳ, ನೆಲ ಸ್ವಲ್ಪ, ಮೇಲೆ ಮಳೆ. ನಮ್ಮ ಮುಂಗಾರಿನ ನಾಲ್ಕು ತಿಂಗಳು ಅವರ ಹಿಮದ ನಾಲ್ಕು ತಿಂಗಳಿಗೆ ಸಾಟಿಯಾದುವು.

ಬಾಗಿಲು ತೆರೆಯುವುದಕ್ಕೆ ಶಾಲೆಗಳು ಒಡ್ಡುವ ಅಡ್ಡಿಗಳು ನನಗೆ ಅಪರಿಚಿತವಲ್ಲ. ಹೊರಗಿನ ಮಗು ಬಿದ್ದು ಮೂಳೆ ಮುರಿದುಕೊಂಡರೆ ಹೊಣೆ ಯಾರದೆಂಬುದು ಮೊದಲನೆಯದು. ಮರದ ನೆಲ ಗಟ್ಟಿ, ಕಾಲಿನ ಗಂಟು ಉಳುಕುವುದು ಸುಳ್ಳಲ್ಲ. ಆದರೆ ಅದಕ್ಕೆ ವಿಮೆಯೆಂಬುದಿದೆ. ಬೇಸಗೆಯಲ್ಲಿ ಹಣ ತೆಗೆದುಕೊಂಡು ಹೊರಗಿನವರಿಗೆ ಕ್ರೀಡಾಶಿಬಿರಗಳನ್ನು ನಡೆಸುವಾಗ ಅದೇ ಶಾಲೆಗಳು ಆ ವಿಮೆಯನ್ನು ಮಾಡಿಸುತ್ತವೆ. ಮೇಲ್ವಿಚಾರಣೆಗೆ ಜನ ಬೇಕೆಂಬುದು ಎರಡನೆಯದು. ಸ್ಪ್ರಿಂಗ್‌ಫೀಲ್ಡಿನಲ್ಲಿ ಒಬ್ಬ ತರುಣ, ಮಾಂಟೆವಿಡಿಯೋವಿನಲ್ಲಿ ಒಬ್ಬ ಉಪಾಧ್ಯಾಯ ಸಾಕಾಗಿದ್ದರು. ನಾನು ಕಂಡ ಆ ರಸಾಯನಶಾಸ್ತ್ರದ ಉಪಾಧ್ಯಾಯರನ್ನು ಈ ವಿಷಯವಾಗಿ ಕೇಳಿದಾಗ, ಭಾನುವಾರಗಳಂದು ಬರಲು ತಮಗೂ ಇನ್ನಿಬ್ಬರಿಗೂ ಮನಸ್ಸಿದೆಯೆಂದೂ, ತಾವು ಅನುಮತಿಗಾಗಿ ಬರೆದುಕೊಂಡಿರುವುದಾಗಿಯೂ ಹೇಳಿ, ಕೊನೆಯ ಒಂದು ಅಡ್ಡಿಯನ್ನು ಮಾತ್ರ ಗಂಭೀರವಾಗಿ ಎತ್ತಿದರು. ಹೊರಗಿನಿಂದ ಬರುವ ಮಕ್ಕಳ ಪಾದರಕ್ಷೆಗಳಲ್ಲಿ ಹಿಮವೂ, ರಸ್ತೆಗೆ ಎರಚಿದ ಉಪ್ಪೂ ಮೆತ್ತಿಕೊಂಡಿರುತ್ತವೆ. ಕಪ್ಪು ಅಡಿಯಾದರಂತೂ ಆ ನುಣುಪಾದ ನೆಲದ ಮೇಲೆ ಗೀರು ಬೀಳುತ್ತದೆ. ಬೆಳಗಾದರೆ ನೆಲವನ್ನು ಒರಸತಕ್ಕ ಕೆಲಸಗಾರನ ಬೆನ್ನಿಗೆ ಅದು ಇನ್ನೊಂದು ಶ್ರಮ. ಇದು ನ್ಯಾಯವಾದ ಆಕ್ಷೇಪಣೆ. ಮರುವಾರ ನಾನು ಮತ್ತೆ ಹೋದಾಗ, ಮಂದಿರದ ಹೊರಬಾಗಿಲ ಬಳಿ ಮರದ ಗೂಡೊಂದನ್ನು ಇಟ್ಟು, ಹಿಂದಿನ ವರ್ಷಗಳ ವಿದ್ಯಾರ್ಥಿಗಳು ಬಿಟ್ಟುಹೋದ ಬಿಳಿಯ ಅಡಿಯ ಪಾದರಕ್ಷೆಗಳನ್ನು ಅವರು ಅಳತೆಯ ಪ್ರಕಾರ ಅದರಲ್ಲಿ ಜೋಡಿಸುತ್ತಿದ್ದರು. ಮೂವತ್ತು ಜೊತೆ ಆಗಿದ್ದುವು, ಚಿಕ್ಕ ಅಳತೆಯವು ಇನ್ನೂ ಬೇಕಾಗಿದ್ದುವು.